ಹಂಡೆ ಹುಡುಕೋ ಟ್ಯಾಗಿಗೆ ಹೊಸ ಸೆಲ್ ಹಾಕಿದೆ, ಜೀವ ಬರ್ಲಿಲ್ಲ

ಶಾಮಿಯಾನದವ, ಹಳೇ ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಂದು ಶಾಮಿಯಾನ, ಪಾತ್ರೆ ಬಾಡಿಗೆ ಅಂಗಡಿ. ಅಪ್ಪನ ಕಾಲದಿಂದ ಐತೆ. ಫೋನು ಗೀನು ವಿಷಯದಾಗೆ ನಾನು ಅಷ್ಟಕ್ಕಷ್ಟೇ. ಮೂರು ದಿನದಿಂದ ಒಂದು ಕಗ್ಗಂಟು ಬಿಡಿಸಾಕೆ ಆಗ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡ್ರಿ.

ನಮ್ಮ ಕಸುಬಿನಾಗೆ ಸಾಮಾನು ಕಳೀತು ಅಂದ್ರೆ ಅದು ಕಳ್ಳತನ ಅಂತಲ್ಲ. ಮದುವೆ ಮುಗಿದು ಎಲ್ಲರೂ ನಿದ್ದೆಗಣ್ಣಲ್ಲಿ ಗಾಡಿ ತುಂಬುವಾಗ ನಮ್ಮ ಕೊಪ್ಪರಿಗೆ ಇನ್ನೊಬ್ಬ ಪಾತ್ರೆಯವನ ಟಾಟಾ ಏಸ್ ಹತ್ತಿರುತ್ತೆ, ಅವನ ಬಾಂಡ್ಲಿ ನಮ್ಮ ಗೋದಾಮಿಗೆ ಬಂದಿರುತ್ತೆ. ಹಂಡೆ ಅಂತೂ ಬೀಗರ ಮನೆ ಬಚ್ಚಲು ಸೇರಿಬಿಟ್ರೆ ಮೂರು ತಿಂಗಳು ಯಾರೂ ಬಾಯಿ ಬಿಡಲ್ಲ. ಎಲ್ಲಾ ಪಾತ್ರೆ ಮೇಲೂ ಅಪ್ಪನ ಹೆಸರಿನ ಅಕ್ಷರ ಕೊರೆಸಿದೀವಿ. ಆದ್ರೆ ಕೊರೆಸಿದ ಅಕ್ಷರ "ನಾನಿಲ್ಲಿದೀನಿ" ಅಂತ ಕೂಗಲ್ಲವಲ್ಲ.

ಹೋದ ವರ್ಷ ಬೆಂಗಳೂರಿನಲ್ಲಿರೋ ಅಳಿಯ ತಾನು ಬಳಸಿ ಬಿಟ್ಟ ಐಫೋನ್ ನನಗೆ ಕೊಟ್ಟ. ಜೊತೆಗೆ ನಾಲ್ಕು ಏರ್‌ಟ್ಯಾಗ್ ಇರೋ ಡಬ್ಬಿನೂ ತಂದಿದ್ದ. "ಮಾವ, ಸಾಮಾನಿಗೆ ಕಟ್ಟಿ ಇಡ್ರಿ, ಎಲ್ಲೈತೆ ಅಂತ ಫೋನಲ್ಲೇ ಕಾಣುತ್ತೆ" ಅಂದ. ಒಂದನ್ನ ಗೋದಾಮಿನ ಕೀ ಗೊಂಚಲಿಗೆ ಹಾಕಿದೆ. ಗೋದಾಮು ಬಾತಿ ಕಡೆ ಐತೆ, ಕೀ ಮನೇಲಿ ಬಿಟ್ಟು ಅಲ್ಲಿ ಹೋಗಿ ನಿಂತರೆ ಆಳುಗಳ ಮುಂದೆ ಮುಖ ಇರಲ್ಲ. ಎರಡನೇದು ಮೈಕ್ ಸೆಟ್ಟಿನ ಮಿಕ್ಸರ್ ಪೆಟ್ಟಿಗೆಗೆ, ಮೂರನೇದು ಜನರೇಟರಿಗೆ. ನಾಲ್ಕನೇದು ತಾಮ್ರದ ದೊಡ್ಡ ಹಂಡೆಯ ಹಿಡಿಕೆಗೆ. ಅದು ಅಮ್ಮನ ತವರಿನಿಂದ ಬಂದ ಹಂಡೆ, ನಿಜ ಹೇಳಬೇಕಂದ್ರೆ ಬಾಡಿಗೆಗೆ ಕೊಡಲೇಬಾರದಿತ್ತು.

ಒಂದು ವರ್ಷ ಚೆನ್ನಾಗೇ ನಡೀತು. ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆ ಗದ್ದಲದಾಗೆ ಕೂಡ ಮಿಕ್ಸರ್ ಪೆಟ್ಟಿಗೆ ಯಾವ ಪೆಂಡಾಲಿನಲ್ಲೈತೆ ಅಂತ ಕೂತಲ್ಲೇ ಹೇಳಿದ್ದೆ. ಮೊನ್ನೆ ಕೀ ಗೊಂಚಲಿನ ಟ್ಯಾಗಿಗೆ ಬ್ಯಾಟರಿ ಕಡಿಮೆ ಅಂತ ಫೋನಿನಲ್ಲಿ ಬಂತು. ಅದೇ ವಾರ ಮಿಕ್ಸರಿಂದೂ ಬಂತು. ಒಂದೇ ದಿನ ಹುಟ್ಟಿದ ಮಕ್ಕಳು, ಹಸಿವೂ ಒಂದೇ ಸಲ ಆಗುತ್ತೆ ಅಂದ್ಕೊಂಡು ಪೇಟೆಗೆ ಹೋಗಿ ಗುಂಡಿ ಸೆಲ್ಲಿನ ಐದರ ಪಟ್ಟಿ ತಂದೆ. ಒಳ್ಳೆ ಕಂಪನಿದೇ ಕೊಡು ಅಂತ ಕೇಳಿ, ಒಂದಕ್ಕೆ ಅರವತ್ತು ರೂಪಾಯಿ ಕೊಟ್ಟು ತಂದಿದ್ದು.

ಈಗ ಬಿಚ್ಚಿದ ಕಥೆ ಕೇಳ್ರಿ. ಬೆಳ್ಳಗೆ ಹೊಳೆಯೋ ಸ್ಟೀಲ್ ಕಡೇನೇ ಮುಚ್ಚಳ ಅಂತ ಗೊತ್ತಾಗಾಕೆ ಅರ್ಧ ಗಂಟೆ ಹಿಡೀತು. ಮೊದಲು ಚಾಕು ತುದಿ ಹಾಕಿ ಮೀಟಾಕೆ ಹೋದೆ, ಮಗಳು ಫೋನಿನಲ್ಲೇ ಬೈದಳು. ಆಮೇಲೆ ಎರಡೂ ಹೆಬ್ಬೆರಳಿಂದ ಸ್ಟೀಲ್ ತಟ್ಟೆ ಒತ್ತಿ ಹಿಡಿದು ಎಡಕ್ಕೆ ತಿರುಗಿಸಿದೆ. ಬೆರಳಲ್ಲಿ ಎಣ್ಣೆ ಪಸೆ ಇತ್ತು, ಜಾರಿ ಜಾರಿ ಹೋಗ್ತಿತ್ತು. ಕೈ ತೊಳ್ಕೊಂಡು ಬಂದು ಒತ್ತಿದ ಮೇಲೆ ಸಲೀಸಾಗಿ ತಿರುಗ್ತು. ಹಳೇ ಸೆಲ್ ತೆಗೆದೆ. ಎರಡೂ ಕೈ ಟ್ಯಾಗಿನ ಮೇಲಿದ್ವಲ್ಲ, ಹೊಸಾ ಸೆಲ್ಲನ್ನ ತುಟಿ ನಡುವೆ ಕಚ್ಚಿ ಹಿಡ್ಕೊಂಡಿದ್ದೆ, ಟೈಲರ್‌ಗಳು ಗುಂಡುಪಿನ್ ಕಚ್ಚಿರ್ತಾರಲ್ಲ, ಹಂಗೆ. ಪ್ಲಸ್ ಗುರುತು ಮೇಲೆ ಬರೋ ಹಂಗೆ ಕೂರಿಸಿದೆ. ಸದ್ದು ಬರಬೇಕು ಅಂತ ಅಳಿಯ ಹೇಳಿದ್ದ. ಬರ್ಲಿಲ್ಲ. ತೆಗೆದೆ, ಹಾಕಿದೆ, ಒತ್ತಿದೆ, ಊದಿದೆ. ಇಲ್ಲ. ಪಟ್ಟಿಯಲ್ಲಿದ್ದ ಇನ್ನೊಂದು ಹಾಕಿದೆ, ಅದೂ ಇಲ್ಲ. ಸಿಟ್ಟಿಗೆ ಹಳೇ ಸೆಲ್ಲನ್ನೇ ವಾಪಸ್ ಹಾಕಿದ್ರೆ ಟಿಣ್ ಅಂತ ಹಾಡ್ತು!

ನಮ್ಮ ಲೈಟಿಂಗ್ ಹುಡುಗ ಮೀಟರ್ ಹಿಡಿದು ನೋಡಿದ. ಹೊಸಾದು 3.2 ವೋಲ್ಟ್ ತೋರಿಸ್ತು, ಹಳೇದು ಅದಕ್ಕಿಂತ ಕಡಿಮೆ. ಜೀವ ಇರೋದು ಮಾತಾಡಲ್ಲ, ಸಾಯೋದು ಹಾಡುತ್ತೆ. ಇದೆಂಥ ನ್ಯಾಯ?

ಅವತ್ತು ದಿನಾನೇ ಸರಿ ಇರ್ಲಿಲ್ಲ ಬಿಡ್ರಿ. ಸಂಜೆ ಮಿರ್ಚಿ ಮಂಡಕ್ಕಿ ತಿನ್ನಾಕೆ ಹೋದ್ರೆ ಮೊದಲ ತುತ್ತೇ ವಿಷದಂಗೆ ಕಹಿ. ಮೂವತ್ತು ವರ್ಷದಿಂದ ತಿಂತಿರೋ ಅಂಗಡಿ ಅದು. ಎಣ್ಣೆ ಕಮಟು, ಶೇಂಗಾ ಹಳೇದು ಅಂತ ನಾಲ್ಕು ಜನರ ಮುಂದೆ ಜಗಳ ಆಡಿ, ದುಡ್ಡು ಕೊಡದೇ ಎದ್ದು ಬಂದೆ.

ಇನ್ನೊಂದು ಚಿಂತೆ ಹಂಡೇದು. ಜಗಳೂರು ಕಡೆ ಒಂದು ಕಾರ್ಯಕ್ಕೆ ಹೋಗಿದ್ದು. ಆ ಟ್ಯಾಗ್ ಕೊನೇ ಸಲ ಕಂಡು ಹತ್ತೊಂಬತ್ತು ದಿನ ಆಯ್ತು. ಅದರ ಸೆಲ್ಲೂ ಮುಗೀತೋ ಏನೋ. ಸಾಮಾನು ತಗೊಂಡೋದವರು "ಎಲ್ಲಾ ವಾಪಸ್ ಕಳಿಸಿದೀವಿ" ಅಂತಾರೆ. ಟ್ಯಾಗ್ ಕೆಟ್ಟಿದಾವೋ, ನನ್ನ ಕೈಗುಣ ಸರಿ ಇಲ್ವೋ, ತಿಳಿದೋರು ಹೇಳ್ರಿ.

ಗಡಿಯಾರ ರಿಪೇರಿ, ದಾವಣಗೆರೆ:

ಯಜಮಾನ್ರೆ, ನಿಮ್ಮ ಪ್ರಶ್ನೆಯ ಉತ್ತರ ನಿಮ್ಮ ಮಂಡಕ್ಕಿಯಲ್ಲೇ ಇದೆ. ಅಲ್ಲಿಗೆ ಆಮೇಲೆ ಬರ್ತೀನಿ. ನಲವತ್ತು ವರ್ಷದ ಹತ್ತಿರ ಆಯ್ತು ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರೋಕೆ ಶುರು ಮಾಡಿ, ಆದ್ದರಿಂದ ಮೊದಲು ಮಾಮೂಲಿ ತಪ್ಪುಗಳನ್ನ ಪಕ್ಕಕ್ಕೆ ಸರಿಸ್ತೀನಿ.

ಸೆಲ್ಲಿನ ಬೆನ್ನ ಮೇಲೆ ಸಿಆರ್2032 ಅಂತ ಇದೆಯಾ ನೋಡಿ. ಆ ಸಂಖ್ಯೆ ಕಂಪನಿಯವರು ಮನಸ್ಸಿಗೆ ಬಂದಂತೆ ಇಟ್ಟಿದ್ದಲ್ಲ, ಅದೇ ಅಳತೆ. ಮೊದಲ 20 ಅಂದ್ರೆ ಅಡ್ಡಗಲ 20 ಮಿಲಿಮೀಟರ್. ಆಮೇಲಿನ 32 ಅಂದ್ರೆ ದಪ್ಪ 3.2 ಮಿಲಿಮೀಟರ್. ಸಿ ಅಕ್ಷರ ಒಳಗಿರೋ ಲಿಥಿಯಂ ಮ್ಯಾಂಗನೀಸ್ ಜಾತಿಗೆ, ಆರ್ ಅಂದ್ರೆ ದುಂಡಗಿದೆ ಅಂತ. ಕೆಲವು ಅಂಗಡಿಯವರು 2025 ಕೊಟ್ಟು "ಎರಡೂ ಒಂದೇ, ಹಾಕ್ಕೊಳ್ಳಿ" ಅಂತಾರೆ. ವೋಲ್ಟ್ ಒಂದೇ, ಅಗಲವೂ ಒಂದೇ, ಆದರೆ ದಪ್ಪ 2.5 ಮಾತ್ರ. 0.7 ಮಿಲಿಮೀಟರ್ ತೆಳುವಾದ್ರೆ ಟ್ಯಾಗಿನ ಒಳಗಿನ ಲೋಹದ ಪಟ್ಟಿಗೆ ತಾಗೋದೇ ಇಲ್ಲ, ತಾಗಿದ್ರೂ ಅಲ್ಲಾಡಿಸಿದಾಗ ಬಿಡುತ್ತೆ. ಕೀ ಗೊಂಚಲಿನಂಥ ದಿನವಿಡೀ ಕುಣಿಯೋ ಜಾಗಕ್ಕೆ ಅದು ಆಗೋದೇ ಇಲ್ಲ. ಇನ್ನು ಎಲ್ಐಆರ್2032 ಅಂತ ಚಾರ್ಜ್ ಮಾಡೋ ಸೆಲ್ ಬರುತ್ತೆ. ಅದು 3.6 ವೋಲ್ಟಿನ ಪೈಕಿ, ಪೂರ್ತಿ ತುಂಬಿದಾಗ ಇನ್ನೂ ಮೇಲೆ ಹೋಗುತ್ತೆ. 3 ವೋಲ್ಟ್ ಕೇಳೋ ಜಾಗಕ್ಕೆ ಅದನ್ನ ಹಾಕಲೇಬೇಡಿ.

ನೀವು ಕೂರಿಸಿದ ರೀತಿ ಸರಿ ಇದೆ. ಪ್ಲಸ್ ಗುರುತು ನಿಮ್ಮ ಮುಖಕ್ಕೆ ಕಾಣಬೇಕು. ಹಳೇದು ಹಾಕಿದಾಗ ಹಾಡಿದೆ ಅಂದ ಮೇಲೆ ಟ್ಯಾಗೂ ಸರಿ ಇದೆ, ನಿಮ್ಮ ಕೈಗುಣವೂ ಸರಿ ಇದೆ. ಉಳಿದದ್ದು ಹೊಸ ಸೆಲ್.

ಈಗ ಮಂಡಕ್ಕಿ. ಚಿಕ್ಕ ಮಕ್ಕಳು ಈ ಸೆಲ್ಲುಗಳನ್ನ ಪೆಪ್ಪರ್‌ಮೆಂಟ್ ಅಂತ ನುಂಗಿಬಿಡ್ತಾರೆ. ಅದಕ್ಕೆ ಕೆಲವು ಕಂಪನಿಯವರು ಸೆಲ್ಲಿಗೆ ಕಹಿ ಮದ್ದು ಬಳಿದು ಕಳಿಸ್ತಾರೆ. ಡೆನಟೋನಿಯಂ ಬೆಂಜೋಯೇಟ್ ಅಂತ ಅದರ ಹೆಸರು, ಕಹಿಯಲ್ಲಿ ಅದನ್ನ ಮೀರಿಸೋದು ಕಷ್ಟ. ಸಾಮಾನ್ಯವಾಗಿ ನೆಗೆಟಿವ್ ಮುಖದಲ್ಲಿ ಬಳೆಯ ಹಾಗೆ ಸುತ್ತ ಬಳಿದಿರ್ತಾರೆ. ನೀವು ಸೆಲ್ಲನ್ನ ತುಟಿಯಲ್ಲಿ ಕಚ್ಚಿ ಹಿಡಿದಿರಿ, ಬೆರಳಿಗೂ ಅಂಟಿಸಿಕೊಂಡಿರಿ, ಅದೇ ಬೆರಳಲ್ಲಿ ಮಂಡಕ್ಕಿ ಕಲಸಿದಿರಿ. ಪಾಪ, ಶೇಂಗಾದ್ದೇನು ತಪ್ಪು?

ಅದೇ ಬಳೆ ನಿಮ್ಮ ಟ್ಯಾಗಿನ ಬಾಯನ್ನೂ ಕಟ್ಟಿದೆ. ಆ ಲೇಪನದಲ್ಲಿ ಕರೆಂಟು ಹರಿಯಲ್ಲ. ಕೆಲವು ಯಂತ್ರಗಳಲ್ಲಿ ಪಟ್ಟಿ ಸೆಲ್ಲಿನ ನಟ್ಟನಡುವೆ ತಾಗುತ್ತೆ, ಅಲ್ಲಿ ಏನೂ ತೊಂದರೆ ಇಲ್ಲ. ಏರ್‌ಟ್ಯಾಗಿನಲ್ಲಿ ಲೇಪನ ಬಳಿದ ಜಾಗಕ್ಕೇ ಪಟ್ಟಿ ಬಂದು ಕೂರಬಹುದು. ಕಹಿ ಲೇಪನದ ಸೆಲ್ ಕೆಲಸ ಮಾಡದೇ ಹೋಗಬಹುದು ಅಂತ ಆ್ಯಪಲ್‌ನವರೇ ಬರೆದಿದ್ದಾರೆ. ನಿಮ್ಮ ಲೈಟಿಂಗ್ ಹುಡುಗ ಮೀಟರಿನ ಮೊನೆಯನ್ನ ನಡುವೆ ಇಟ್ಟು ನೋಡಿರ್ತಾನೆ, ಅದಕ್ಕೇ 3.2 ತೋರಿಸಿದೆ. ಅವನೂ ಸರಿ, ಮೀಟರೂ ಸರಿ.

ನೀವು ತಂದ ಸೆಲ್ ಪಟ್ಟಿಯ ಹಿಂಭಾಗದ ಸಣ್ಣ ಅಕ್ಷರ ಓದಿ, ಕಹಿ ಲೇಪನ ಅಂತ ಇರುತ್ತೆ. ಹಾಗೆ ಬರೆಯದೇ ಇರೋ ಬೇರೆ ಸೆಲ್ ತಗೊಳ್ಳಿ. ಎರಡೂ ಮುಖವನ್ನ ಒಣ ಬಟ್ಟೆಯಲ್ಲಿ ಒರೆಸಿ, ಅಂಚು ಹಿಡಿದು ಕೂರಿಸಿ. ತುಟಿ ಬೇಡ.

ಶಾಮಿಯಾನದವ, ಹಳೇ ದಾವಣಗೆರೆ:

ಕಾಕಾ, ಕಾಲಿಗೆ ಬಿದ್ದೆ! ಪಟ್ಟಿ ಹಿಂದೆ ನೋಡಿದೆ, ಇರುವೆ ಸಾಲಿನಂಥ ಅಕ್ಷರದಾಗೆ ಅದೇ ಬರೆದೈತೆ. ಖಾತ್ರಿ ಆಗ್ಲಿ ಅಂತ ಇನ್ನೊಂದ್ಸಲ ನಾಲಿಗೆ ತುದಿ ತಾಗಿಸಿದೆ. ಹಾಗಲಕಾಯಿ ಅಲ್ಲ, ಬೇವು ಅಲ್ಲ, ಅವೆರಡರ ಅಜ್ಜ. ಮೂರು ಸಲ ಬಾಯಿ ಮುಕ್ಕಳಿಸಿದೆ, ಬೆಲ್ಲ ತಿಂದೆ. ಬೆಲ್ಲವೂ ಕಹಿ.

ಈಗ ಉಳಿದ ಸೆಲ್ಲುಗಳನ್ನ ಏನು ಮಾಡಾಣ? ಮುನ್ನೂರು ರೂಪಾಯಿ ಪಟ್ಟಿ ಅದು. ಅಂಗಡಿಯವನು ಬಿಚ್ಚಿದ ಮಾಲು ವಾಪಸ್ ತಗೊಳ್ಳಲ್ಲ ಅಂದ.

ಹಾಸ್ಟೆಲ್ ಹುಡುಗ, ವಿದ್ಯಾನಗರ:

ಅಂಕಲ್, ಎಸೀಬೇಡಿ. ಮೆಡಿಕಲ್ ಶಾಪಲ್ಲಿ ಸ್ಪಿರಿಟ್ ಸಿಗುತ್ತೆ, ಹತ್ತಿಯಲ್ಲಿ ಅದ್ದಿ ನೆಗೆಟಿವ್ ಮುಖದ ಅಂಚನ್ನ ಗಟ್ಟಿಯಾಗಿ ಉಜ್ಜಿ. ನಮ್ಮ ರೂಮಲ್ಲಿ ಬೈಕ್ ಕೀಗೆ ಹಾಕಿರೋ ಟ್ಯಾಗಿಗೆ ನಾನು ಹಾಗೇ ಮಾಡಿದ್ದು, ಎರಡನೇ ಸಲಕ್ಕೆ ಸೌಂಡ್ ಬಂತು. ಉಜ್ಜುವಾಗ ಲೋಹದ ಚೂರಿಂದ ಎರಡೂ ಮುಖ ಒಟ್ಟಿಗೆ ತಾಗಿಸಬೇಡಿ ಅಷ್ಟೇ, ಶಾರ್ಟ್ ಆಗುತ್ತೆ.

ಇನ್ನೊಂದು. ಸುಮ್ಸುಮ್ನೆ ಪದೇ ಪದೇ ಸೆಲ್ ತೆಗೆದು ಹಾಕಬೇಡಿ. ಸದ್ದು ಬರೋವರೆಗೆ ಒತ್ತಿ, ತೆಗೆದು, ಮತ್ತೆ ಹಾಕಿ, ಹೀಗೆ ಒಟ್ಟು ಐದು ಸಲ ಮಾಡೋದು ಏರ್‌ಟ್ಯಾಗನ್ನ ರೀಸೆಟ್ ಮಾಡೋ ಕ್ರಮ. ಐದನೇ ಸಲ ಸದ್ದು ಬೇರೆ ಥರ ಬರುತ್ತೆ. ನೀವು ಸಿಟ್ಟಲ್ಲಿ ಲೆಕ್ಕ ತಪ್ಪಿ ಅಲ್ಲಿಗೆ ಮುಟ್ಟಿದ್ರೆ ಮತ್ತೆ ಫೋನಿಗೆ ಜೋಡಿಸೋಕೆ ಅಳಿಯನಿಗೆ ಕಾಲ್ ಮಾಡಬೇಕಾಗುತ್ತೆ.

ಮಕ್ಕಳ ವಾರ್ಡಿನ ಸಿಸ್ಟರ್, ಚಿತ್ರದುರ್ಗ:

ಹಾಸ್ಟೆಲ್ ತಮ್ಮನಿಗೆ ಒಂದು ಮಾತು. ನಿನ್ನ ರೂಮಲ್ಲಿ ಮಕ್ಕಳಿಲ್ಲ, ನೀನು ಉಜ್ಜಿಕೋ. ಆದರೆ ಶಾಮಿಯಾನದ ಅಣ್ಣನವರ ಮನೆಗೆ ಮಗಳು, ಅಳಿಯ ಬರ್ತಾರೆ ಅಂದ್ರೆ ಮೊಮ್ಮಕ್ಕಳೂ ಬರಬಹುದು. ಆ ಕಹಿ ಇರೋದೇ ಅವರಿಗಾಗಿ. ಅದನ್ನ ಉಜ್ಜಿ ತೆಗೆದ ಸೆಲ್ಲನ್ನ ಮೇಜಿನ ಮೇಲೆ ಬಿಟ್ಟರೆ ಬಾಗಿಲ ಚಿಲಕ ಕಿತ್ತು ಹಾಕಿದ ಹಾಗೆ.

ನಾನು ಹೆದರಿಸೋಕೆ ಹೇಳ್ತಿಲ್ಲ, ಆದರೆ ಈ 20 ಮಿಲಿಮೀಟರ್ ಸೆಲ್ಲೇ ನಮಗೆ ಅತಿ ಹೆಚ್ಚು ಭಯ. ಚಿಕ್ಕ ಗುಂಡಿ ಸೆಲ್ ಎಷ್ಟೋ ಸಲ ಹೊಟ್ಟೆಗಿಳಿದು ಹೊರಗೆ ಹೋಗಿಬಿಡುತ್ತೆ. ಇದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳೋ ಅಳತೆಯದ್ದು. ಸಿಕ್ಕಿಕೊಂಡ ಕಡೆ ಒದ್ದೆ ಇರುತ್ತಲ್ಲ, ಅಲ್ಲಿ ಕರೆಂಟು ಹರಿದು ನೆಗೆಟಿವ್ ಮುಖದ ಹತ್ತಿರ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತೆ. ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಸೆಲ್ ಒಡೀಬೇಕು, ಸೋರಬೇಕು ಅಂತ ಏನಿಲ್ಲ. ಅಣ್ಣಾ, ನೀವು ಸಾಯೋದು ಹಾಡುತ್ತೆ ಅಂತ ಬರೆದಿರಲ್ಲ, ಅದೇ ಸೂಕ್ಷ್ಮ ಇರೋದು. ಟ್ಯಾಗಿಗೆ ಸಾಲದ ಹಳೇ ಸೆಲ್ಲಿನಲ್ಲೂ ಗಂಟಲು ಸುಡೋಷ್ಟು ಶಕ್ತಿ ಉಳಿದಿರುತ್ತೆ. ತೆಗೆದ ಹಳೇದನ್ನ ಎಲ್ಲಿಟ್ಟಿರಿ?

ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಸೀದಾ ಎಕ್ಸ್‌ರೇ ಇರೋ ಆಸ್ಪತ್ರೆಗೆ ಹೊರಡಬೇಕು. ನಾಳೆ ನೋಡೋಣ ಅನ್ನಬಾರದು. ಎಕ್ಸ್‌ರೇಯಲ್ಲಿ ನಾಣ್ಯದ ಹಾಗೇ ದುಂಡಗೆ ಕಾಣುತ್ತೆ, ಆದರೆ ಸೆಲ್ ಆದರೆ ಅಂಚಿನಲ್ಲಿ ಎರಡು ಗೆರೆ ಬರುತ್ತೆ, ಅದರಿಂದ ಗುರುತು ಹಿಡೀತಾರೆ. ಬೆರಳು ಹಾಕಿ ವಾಂತಿ ಮಾಡಿಸೋದು ಬೇಡವೇ ಬೇಡ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ ಹನ್ನೆರಡು ಗಂಟೆ ಒಳಗಾಗಿದ್ದು, ನುಂಗೋಕೆ ತೊಂದರೆ ಇಲ್ಲ ಅಂದ್ರೆ ದಾರಿಯಲ್ಲಿ ಜೇನುತುಪ್ಪ ಕೊಡಬಹುದು. ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ, ಅಂದರೆ 10 ಮಿಲಿಲೀಟರ್, ಆರು ಸಲದವರೆಗೆ. ಅದು ಸೆಲ್ಲಿನ ಸುತ್ತ ಅಂಟಿಕೊಂಡು ಸುಡೋದನ್ನ ಸ್ವಲ್ಪ ತಡೆಯುತ್ತೆ, ಅಷ್ಟೇ. ಜೇನು ಹುಡುಕೋಕೆ ಅಂತ ಮನೇಲಿ ನಿಲ್ಲಬೇಡಿ. ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು.

ಹಳೇ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಸುತ್ತಿ ಎತ್ತರದಲ್ಲಿಡಿ, ಎಲೆಕ್ಟ್ರಾನಿಕ್ ಕಸ ತಗೊಳ್ಳೋ ಕಡೆ ಕೊಡಿ. ನಿಮ್ಮ ಕಹಿ ಸೆಲ್ಲುಗಳನ್ನ ಎಸೀಬೇಕಿಲ್ಲ. ತೂಕದ ಸ್ಕೇಲಿಗೋ ಕಾರಿನ ರಿಮೋಟಿಗೋ ಅದೇ ಅಳತೆ ಬೇಕಾಗಿದ್ದರೆ ಹಾಕಿ ನೋಡಿ. ಗಡಿಯಾರದ ಕಾಕಾ ಹೇಳಿದ ಹಾಗೆ ಎಷ್ಟೋ ಕಡೆ ನಡೆಯುತ್ತೆ.

ಹಾಸ್ಟೆಲ್ ಹುಡುಗ, ವಿದ್ಯಾನಗರ:

ಸಾರಿ ಸಿಸ್ಟರ್, ಇಷ್ಟೆಲ್ಲ ಗೊತ್ತಿರಲಿಲ್ಲ. ಅಕ್ಕನ ಮಗು ಮುಂದಿನ ವಾರ ಬರುತ್ತೆ, ಡ್ರಾಯರಲ್ಲಿ ಎರಡು ಹಳೇ ಸೆಲ್ ಬಿದ್ದಿತ್ತು. ಟೇಪ್ ಸುತ್ತಿದೆ.

ಅಡಿಕೆ ಮಂಡಿ, ಚನ್ನಗಿರಿ:

ಸೆಲ್ಲಿನ ವಿಷಯ ಮುಗೀತಲ್ಲ, ನಾನು ಹಂಡೆ ವಿಷಯಕ್ಕೆ ಬರ್ತೀನಿ. ನಮ್ಮ ಅಡಿಕೆ ಲೋಡಿನ ಗಾಡಿಗೆ ಟ್ಯಾಗ್ ಹಾಕಿ ಕೈ ಸುಟ್ಟುಕೊಂಡವನು ನಾನು.

ಶಾಮಿಯಾನದವ್ರೆ, ಈ ಟ್ಯಾಗಿನೊಳಗೆ ಸಿಮ್ ಇಲ್ಲ, ಜಿಪಿಎಸ್ ಇಲ್ಲ. ಅದು ಬ್ಲೂಟೂತಿನಲ್ಲಿ ಸಣ್ಣಗೆ ಕೂಗ್ತಾ ಕೂತಿರುತ್ತೆ. ಪಕ್ಕದಲ್ಲಿ ಯಾರದ್ದೋ ಐಫೋನ್ ಹಾದು ಹೋದರೆ ಅದು ಆ ಕೂಗು ಕೇಳಿಸಿಕೊಂಡು, ತಾನೆಲ್ಲಿದ್ದೀನಿ ಅನ್ನೋದನ್ನ ನಿಮಗೆ ಮುಟ್ಟಿಸುತ್ತೆ. ಆ ಫೋನಿನ ಯಜಮಾನನಿಗೂ ಗೊತ್ತಾಗಲ್ಲ. ದುಗ್ಗಮ್ಮನ ಜಾತ್ರೆಯಲ್ಲಿ ಮಿಕ್ಸರ್ ಸಿಕ್ತು ಅಂದ್ರಲ್ಲ, ಅಷ್ಟು ಜನರಲ್ಲಿ ಐಫೋನ್ ಇರೋರು ನೂರಾರು. ಜಗಳೂರು ಕಡೆ ಹಳ್ಳಿಯ ಓಣಿಯಲ್ಲಿ ಐಫೋನ್ ಎಷ್ಟಿರುತ್ತೆ? ಮದುವೆಗೆ ಬಂದ ನೆಂಟರ ಫೋನಿಂದ ಕೊನೇ ಸಲ ಕಂಡಿರಬೇಕು. ನೆಂಟರು ಹೋದರು, ಕಾಣೋದೂ ನಿಂತಿತು. ಸೆಲ್ ಸತ್ತಿದೆ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ. ಹತ್ತೊಂಬತ್ತು ದಿನದ ಹಿಂದೆ ತೋರಿಸಿದ ಜಾಗದಲ್ಲೇ ಹಂಡೆ ಇರೋ ಸಾಧ್ಯತೆ ಹೆಚ್ಚು.

ಎರಡನೇದು, ತಾಮ್ರ. ಲೋಹದ ಪಾತ್ರೆ ಒಳಗೆ ಟ್ಯಾಗ್ ಬಿದ್ದು ಮೇಲೆ ತಟ್ಟೆ ಮುಚ್ಚಿದ್ರೆ ಕೂಗು ಹೊರಗೆ ಬರೋದೇ ಕಷ್ಟ. ಬಯಲಲ್ಲಿ ಹತ್ತು ಮೀಟರ್ ಆಸುಪಾಸು ಸಲೀಸಾಗಿ ಮುಟ್ಟೋದು, ಅಲ್ಲಿ ಹತ್ತು ಹೆಜ್ಜೆಗೂ ಮುಟ್ಟಲ್ಲ. ಹಿಡಿಕೆಗೆ ಕಟ್ಟೋದಾದ್ರೆ ದಾರ ಗಿಡ್ಡ ಇರಲಿ, ಹೊರಗಡೆಗೇ ನೇತಾಡಲಿ.

ಮೂರನೇದು, ಯಾರಾದ್ರೂ ಆ ಟ್ಯಾಗಿನ ಸದ್ದು ಕೇಳಿದ್ರಾ ಅಂತ ವಿಚಾರಿಸಿ. ಯಜಮಾನನ ಫೋನಿಂದ ದೂರ ಉಳಿದ ಏರ್‌ಟ್ಯಾಗ್ ಎಂಟರಿಂದ ಇಪ್ಪತ್ನಾಲ್ಕು ಗಂಟೆ ಆದ ಮೇಲೆ ಯಾರಾದ್ರೂ ಅಲ್ಲಾಡಿಸಿದ್ರೆ ತಾನಾಗೇ ಸದ್ದು ಮಾಡುತ್ತೆ. ಗೊತ್ತಿಲ್ಲದೇ ಯಾರ ಹಿಂದೆಯೂ ಬಿಡಬಾರದು ಅಂತ ಇಟ್ಟಿರೋ ಏರ್ಪಾಟು. ಆಂಡ್ರಾಯ್ಡ್ ಫೋನಿಗೂ ಎಚ್ಚರಿಕೆ ಬರುತ್ತೆ. ನಮ್ಮ ಗಾಡಿ ಡ್ರೈವರನ ಫೋನಿಗೆ ಹಾಗೇ ಬಂದು, "ಸಾಹುಕಾರ್ರೆ, ನನ್ನ ಮೇಲೆ ನಂಬಿಕೆ ಇಲ್ವಾ" ಅಂತ ಹಿರಿಯೂರಿನಲ್ಲಿ ಗಾಡಿ ನಿಲ್ಲಿಸಿಬಿಟ್ಟ. ಅವನನ್ನ ಸಮಾಧಾನ ಮಾಡೋಕೆ ಅರ್ಧ ದಿನ. ನಿಮ್ಮ ಆಳುಗಳಿಗೆ, ಅಡಿಗೆಯವರಿಗೆ ಮೊದಲೇ ಹೇಳಿಡಿ. ಇದು ಸಾಮಾನಿಗೆ ಕಟ್ಟಿದ್ದು, ನಿಮಗಲ್ಲ ಅಂತ.

ಸೆಲ್ ಒಂದು ವರ್ಷಕ್ಕಿಂತ ಹೆಚ್ಚು ಬರುತ್ತೆ ಅಂತ ಕಂಪನಿಯವರು ಹೇಳೋದು ದಿನಕ್ಕೆ ನಾಲ್ಕು ಸಲ ಸದ್ದು ಮಾಡಿಸೋ ಲೆಕ್ಕದಲ್ಲಿ. ನಿಮ್ಮ ಕೀ ಗೊಂಚಲನ್ನ ದಿನಕ್ಕೆ ಎಷ್ಟು ಸಲ ಕೂಗಿಸ್ತೀರೋ ನೀವೇ ಬಲ್ಲಿರಿ.

ಶಾಮಿಯಾನದವ, ಹಳೇ ದಾವಣಗೆರೆ:

ನಾಲ್ಕು ದಿನ ಬಿಟ್ಟು ಬರೀತಾ ಇದೀನಿ, ಎರಡು ಮದುವೆ ಇದ್ವು.

ಗಡಿಯಾರ ಕಂಬದ ಕಡೆ ಹೋಗಿ ಲೇಪನ ಇಲ್ಲದ ಸೆಲ್ ಕೇಳಿದೆ. ಮೊದಲ ಅಂಗಡಿಯವನು "ಕಹಿ ಇಲ್ಲದ್ದು ಕೊಡು" ಅಂದಿದ್ದಕ್ಕೆ ನನ್ನ ಮುಖ ನೋಡಿದ, ಇದೇನು ಸೌತೆಕಾಯಿನಾ ಅನ್ನೋ ಹಂಗೆ. ಎರಡನೇ ಅಂಗಡೀಲಿ ಸಿಕ್ತು. ಕಾಕಾ ಹೇಳಿದಂಗೆ ಒರೆಸಿ, ಅಂಚು ಹಿಡಿದು, ಪ್ಲಸ್ ಮೇಲೆ ಮಾಡಿ ಕೂರಿಸಿದೆ. ಟಿಣ್! ಮುಚ್ಚಳದ ಮೂರು ಹಲ್ಲನ್ನ ಮೂರು ಸಂದಿಗೆ ಕೂರಿಸಿ ಬಲಕ್ಕೆ ತಿರುಗಿಸಿದೆ. ಮಿಕ್ಸರಿನದಕ್ಕೆ ಎರಡು ನಿಮಿಷ ಹಿಡೀಲಿಲ್ಲ. ಜನರೇಟರಿಂದು ಇನ್ನೂ ಕಡಿಮೆ ಅಂತ ತೋರಿಸಿಲ್ಲ, ಇರಲಿ ಬಿಡು ಅಂತ ಬಿಟ್ಟೆ. ಸಿಸ್ಟರಮ್ಮ, ನೀವು ಕೇಳಿದ ಹಳೇ ಸೆಲ್ ಎಲ್ಲಿತ್ತು ಗೊತ್ತೇನ್ರಿ? ದೇವರ ಮನೆ ಕಟ್ಟೆ ಮೇಲೆ, ಕರ್ಪೂರದ ಡಬ್ಬಿ ಪಕ್ಕ. ಮೊಮ್ಮಗಳಿಗೆ ಎರಡೂವರೆ ವರ್ಷ. ನಿಮ್ಮ ಮಾತು ಓದಿದ ಕೂಡಲೇ ಎದ್ದು ಹೋಗಿ ತೆಗೆದೆ.

ಮಂಡಕ್ಕಿ ಅಂಗಡಿಗೂ ಹೋಗಿದ್ದೆ. ತಪ್ಪು ನಂದೇ, ಸೆಲ್ ನೆಕ್ಕಿದ ಬಾಯಲ್ಲಿ ತಿಂದಿದ್ದೆ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನೆ ನಿಂತು, "ಯಜಮಾನ್ರೆ, ಮನೆಯಲ್ಲಿ ಎಲ್ಲಾ ಆರಾಮಲ್ವಾ" ಅಂದ. ಎರಡು ಮಿರ್ಚಿ ಜಾಸ್ತಿ ಹಾಕ್ಕೊಟ್ಟ, ಹಳೇ ಬಾಕಿನೂ ತಗೊಂಡ.

ಇನ್ನು ಹಂಡೆ. ಅಡಿಕೆ ಮಂಡಿಯವ್ರು ಹೇಳಿದಂಗೆ ಕೊನೇ ಸಲ ತೋರಿಸಿದ್ದ ಊರಿಗೇ ಹೋದೆ, ಜಗಳೂರು ತಾಲ್ಲೂಕಿನಾಗೆ. ಮದುವೆ ಆದ ಮನೆಯವರು ಮತ್ತೆ ಅದೇ ಹಾಡು, ಕಳಿಸಿದೀವಿ ಕಳಿಸಿದೀವಿ ಅಂತ. ಫೋನ್ ಹಿಡ್ಕೊಂಡು ಓಣಿಯಾಗೆ ಅಡ್ಡಾಡಿದೆ, ಏನೂ ತೋರಿಸ್ಲಿಲ್ಲ. ಬಿಸಿಲಿಗೆ ಗಂಟಲೊಣಗಿ, ನಾಲ್ಕು ಮನೆ ಆಚೆ ಒಂದು ಅಜ್ಜಿ ಹತ್ರ ನೀರು ಕೇಳ್ದೆ. ಪಡಸಾಲೆಯಲ್ಲಿ ಕೂರಿಸಿ ನೀರು ಬೆಲ್ಲ ಕೊಡ್ತು. ಕೂತಲ್ಲೇ ಫೋನ್ ನೋಡಿದ್ರೆ ಸಿಗ್ನಲ್ ಬಂದು ಹೋಗೋದು ಮಾಡ್ತಿತ್ತು. ಸದ್ದು ಮಾಡಿಸೋ ಗುಂಡಿ ಒತ್ತಿದೆ. ಒಳಗಿನ ಕೋಣೆಯಿಂದ ಎಲ್ಲೋ ಬಾವಿ ತಳದಿಂದ ಬಂದಂಗೆ ಟಿರ್‌ಟಿರ್ ಅಂತು.

ಅಜ್ಜಿ ತಕ್ಷಣ ಬೆರಳಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅಂತು.

ಒಳಗೆ ಹೋಗಿ ನೋಡಿದ್ರೆ ನಮ್ಮಮ್ಮನ ಹಂಡೆ! ಕಂಠದ ತನಕ ಜೋಳ ತುಂಬಿ, ಮೇಲೆ ಕಬ್ಬಿಣದ ತಟ್ಟೆ ಮುಚ್ಚಿ, ತಟ್ಟೆ ಮೇಲೆ ಒರಳುಗುಂಡು ಇಟ್ಟಿದಾರೆ. ಟ್ಯಾಗಿನ ದಾರ ಒಳಗೆ ಬಿದ್ದು ಜೋಳದಾಗೆ ಹೂತೋಗಿತ್ತು. ಮದುವೆ ಮುಗಿದ ಮೇಲೆ ಯಾರೋ ಹುಡುಗರು ಇಲ್ಲಿ ಬಿಟ್ಟು ಹೋದರಂತೆ, ಯಾರದ್ದು ಅಂತ ಅಜ್ಜಿಗೂ ಗೊತ್ತಿಲ್ಲ. ಖಾಲಿ ಯಾಕೆ ಇರಬೇಕು ಅಂತ ತುಂಬಿಟ್ಟೈತೆ. ಕೈ ಹಾಕಿ ಟ್ಯಾಗ್ ಎತ್ತಿ ತೋರಿಸ್ದೆ, ಅದರ ಸೆಲ್ ಇನ್ನೂ ಗಟ್ಟಿ ಇತ್ತು.

"ಅಯ್ಯೋ, ಹಲ್ಲಿ ಅಲ್ಲೇನಪ್ಪಾ ಅದು? ಜೋಳದ ಗಿರಾಕಿ ಎರಡು ಸಲ ಬಂದಿದ್ದ. ಅಳೆದು ಕೊಡಾಣ ಅಂತ ಹಂಡೆ ಅಲ್ಲಾಡಿಸಿದಾಗೆಲ್ಲ ಲೊಚಗುಟ್ಟೋದು. ಶಕುನ ಸರಿ ಇಲ್ಲ ಅಂತ ಎರಡು ಸಲಾನೂ ವಾಪಸ್ ಕಳಿಸಿದೆ" ಅಂತು ಅಜ್ಜಿ. ಆಮೇಲೆ ಈಗ ಜೋಳದ ರೇಟು ಎಷ್ಟೈತೆ ಅಂತ ನನ್ನನ್ನೇ ಕೇಳ್ತು. ಏರೈತೆ ಅಂದೆ. ಮುಖ ಅರಳ್ತು.

ಜೋಳ ಚೀಲಕ್ಕೆ ತುಂಬಿಕೊಟ್ಟು, ಹಂಡೆ ಗಾಡಿಗೆ ಏರಿಸುವಾಗ ಟ್ಯಾಗನ್ನ ಕೈಯಲ್ಲಿ ತಿರುವಿ ತಿರುವಿ ನೋಡ್ತಾ ಅಜ್ಜಿ ಕೇಳ್ತು: "ಇದನ್ನ ಹಂಡೆ ಬಾಡಿಗೆ ಜೊತೆಗೇ ಕೊಡ್ತೀರೋ, ಇದಕ್ಕೆ ಬ್ಯಾರೆ ದುಡ್ಡೋ?"